ಒಂದೇ ಜೀನು: ಅಣ್ಣನ ರಿಪೋರ್ಟು, ತಂಗಿಯ ರಿಪೋರ್ಟು

ಡೊಂಬಿವಿಲಿಯ ಅಣ್ಣ-ತಂಗಿ ಒಂದೇ ದಿನ ರಕ್ತ ಕೊಟ್ಟರು ಅಂತಿಟ್ಟುಕೊಳ್ಳಿ. ಅಣ್ಣನಿಗೆ 44, ತಂಗಿಗೆ 41. ರಕ್ತದ ಕೊಬ್ಬಿನ ಕಣಗಳ ಮೇಲೆ ಕೂರುವ ಅಪೊ-ಇ ಪ್ರೋಟೀನಿನ ಜೀನಿನ ಇ2 ರೂಪ ಇಬ್ಬರಿಗೂ ಅಪ್ಪನಿಂದಲೂ ಅಮ್ಮನಿಂದಲೂ ಬಂದಿದೆ. ಆದರೂ ತಂಗಿಯ ರಿಪೋರ್ಟು ಸಲೀಸು. ಅಣ್ಣನ ಕೊಲೆಸ್ಟ್ರಾಲ್ 340, ಟ್ರೈಗ್ಲಿಸರೈಡ್ (ರಕ್ತದಲ್ಲಿನ ಕೊಬ್ಬು) 380, ಎಚ್‌ಡಿಎಲ್ (‘ಒಳ್ಳೆ’ ಕೊಲೆಸ್ಟ್ರಾಲ್) 45, ಎಲ್ಲ ಮಿ.ಗ್ರಾಂ/ಡೆ.ಲೀ. ಲೆಕ್ಕದಲ್ಲಿ.

ಇ2 ಪ್ರೋಟೀನಿನ 158ನೇ ಜಾಗದಲ್ಲಿ ಅರ್ಜಿನೀನ್ ಬದಲು ಸಿಸ್ಟೀನ್ ಕೂತಿರುತ್ತದೆ. ಅಷ್ಟಕ್ಕೇ ಅದು ಲಿವರಿನ ಎಲ್‌ಡಿಎಲ್ (‘ಕೆಟ್ಟ’ ಕೊಲೆಸ್ಟ್ರಾಲ್) ರಿಸೆಪ್ಟರಿಗೆ, ಅಂದರೆ ಇಂಥ ಕಣಗಳನ್ನು ರಕ್ತದಿಂದ ಹಿಡಿದುಕೊಳ್ಳುವ ಕೊಂಡಿಗೆ, ಸರಿಯಾಗಿ ಅಂಟುವುದಿಲ್ಲ. ಕೊಬ್ಬು ಹೊರುವ ವಿಎಲ್‌ಡಿಎಲ್ ಮತ್ತು ಕೈಲೊಮೈಕ್ರಾನ್ ಕಣಗಳು ಅದನ್ನು ಇಳಿಸಿದ ಮೇಲೆ ಉಳಿಯುವ ಶೇಷಕಣಗಳು ರಕ್ತದಲ್ಲೇ ಸುತ್ತುತ್ತವೆ. ಇದರಿಂದ ಬರುವ ರೋಗ ಡಿಸ್‌ಬೀಟಾಲಿಪೊಪ್ರೋಟೀನೀಮಿಯಾ. ಹಾಗಂತ ಎರಡು ಇ2 ಇದ್ದವರೆಲ್ಲ ರೋಗಿಗಳಲ್ಲ, ಹತ್ತರಲ್ಲಿ ಒಬ್ಬರಿಗೂ ಕಡಿಮೆ. ಬೊಜ್ಜು, ಸಕ್ಕರೆ ಕಾಯಿಲೆ, ಮಂದ ಥೈರಾಯ್ಡ್, ಮದ್ಯ ಇಂಥ ಇನ್ನೊಂದು ಏಟು ಬೀಳಬೇಕು. ತಂಗಿಗೆ ಈಸ್ಟ್ರೊಜೆನ್‌ನ ಬೆಂಬಲವೂ ಇದೆ: ಅದು ಲಿವರಿನಲ್ಲಿ ಎಲ್‌ಡಿಎಲ್ ರಿಸೆಪ್ಟರುಗಳನ್ನು ಹೆಚ್ಚಿಸುತ್ತದೆ. ಅದಕ್ಕೇ ಹೆಂಗಸರಲ್ಲಿ ಈ ರೋಗ ಮುಟ್ಟು ನಿಲ್ಲುವ ಮೊದಲು ಅಪರೂಪ.

ಅಣ್ಣನ ಲೆಕ್ಕದಲ್ಲಿ ಎಲ್ಲರೂ ಎಡವುತ್ತಾರೆ. ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಮತ್ತು ಟ್ರೈಗ್ಲಿಸರೈಡಿನ ಐದನೇ ಒಂದನ್ನು ಕಳೆಯುವ ಫ್ರೀಡ್‌ವಾಲ್ಡ್ ಸೂತ್ರ ಹಾಕಿ: 340 − 45 − (380 ÷ 5) = 219. ಟ್ರೈಗ್ಲಿಸರೈಡ್ 400 ದಾಟಿಲ್ಲವಾದ್ದರಿಂದ ಲ್ಯಾಬು ಇದನ್ನೇ ಎಲ್‌ಡಿಎಲ್ ಎಂದು ಅಚ್ಚು ಹಾಕುತ್ತದೆ. ಶುದ್ಧ ತಪ್ಪು. ಶೇಷಕಣಗಳಲ್ಲಿ ಟ್ರೈಗ್ಲಿಸರೈಡಿನ ಐದನೇ ಒಂದಕ್ಕಿಂತ ಜಾಸ್ತಿ ಕೊಲೆಸ್ಟ್ರಾಲ್ ಇರುತ್ತದೆ. ಹೆಚ್ಚುವರಿಯೆಲ್ಲ ಎಲ್‌ಡಿಎಲ್ ಖಾತೆಗೆ ಜಮಾ. ನಾನ್-ಎಚ್‌ಡಿಎಲ್ (340 − 45 = 295) ನೋಡಿ, ಅಪೊ-ಬಿ (ಎಲ್‌ಡಿಎಲ್‌ನಂಥ ಕಣಗಳ ಮೇಲಿನ ಪ್ರೋಟೀನು) ಅಳೆಯಿಸಿ. ಕೊಲೆಸ್ಟ್ರಾಲ್ ಇಷ್ಟಿದ್ದೂ ಅಪೊ-ಬಿ ಹೆಚ್ಚಿಲ್ಲದಿದ್ದರೆ ಅನುಮಾನ ಗಟ್ಟಿ. ಅಂಗೈ ಗೆರೆಗಳೂ ನೋಡಿ: ಹಳದಿಗಟ್ಟಿದ್ದರೆ ದೊಡ್ಡ ಸುಳಿವು.

ಎಲ್‌ಡಿಎಲ್ ರಿಸೆಪ್ಟರ್ ಜೀನೇ ಕೆಟ್ಟ ಕೌಟುಂಬಿಕ ಹೈಪರ್‌ಕೊಲೆಸ್ಟರೊಲೀಮಿಯಾದ ಕಥೆ ಬೇರೆ. ಸುಮಾರು 250 ಜನರಲ್ಲಿ ಒಬ್ಬರಿಗಿದೆ, ಮಗನಿಗೂ ಮಗಳಿಗೂ ಬರುವ ಸಾಧ್ಯತೆ ಅರ್ಧರ್ಧ. ಇಲ್ಲಿ ಎಲ್‌ಡಿಎಲ್ ಹುಟ್ಟಿನಿಂದಲೇ ಏರಿರುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ಗಂಡಸರಲ್ಲಿ ಸರಿಸುಮಾರು ಅರ್ಧದಷ್ಟು ಜನಕ್ಕೆ 50ರೊಳಗೆ, ಹೆಂಗಸರಲ್ಲಿ ಶೇ. 30ರಷ್ಟು ಜನಕ್ಕೆ 60ರೊಳಗೆ ಹೃದಯದ ತೊಂದರೆ. ಅಂದರೆ ಹೆಣ್ಣಿಗೆ ಸಿಗುವುದು ಹತ್ತು ವರ್ಷದ ಗಡುವು, ಮಾಫಿಯಲ್ಲ. ಬಸಿರು-ಬಾಣಂತನದಲ್ಲಿ ಸಾಮಾನ್ಯವಾಗಿ ಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ) ನಿಲ್ಲಿಸುವುದರಿಂದ ಆ ವರ್ಷಗಳೂ ಎಲ್‌ಡಿಎಲ್ ಲೆಕ್ಕಕ್ಕೇ ಹೋಗುತ್ತವೆ.

ಎಚ್‌ಡಿಎಲ್ ಗಂಡಸರಿಗೆ 40ಕ್ಕಿಂತ, ಹೆಂಗಸರಿಗೆ 50ಕ್ಕಿಂತ ಕೆಳಗಿದ್ದರೆ ಕಡಿಮೆ. ಅಣ್ಣನ 45 ಪರವಾಗಿಲ್ಲ, ತಂಗಿಗೆ ಅದೇ 45 ಬಂದರೆ ಗುರುತು ಹಾಕಿ. ಟ್ರೈಗ್ಲಿಸರೈಡ್ ಜಾಸ್ತಿ ಬಂದಾಗ ಉಪವಾಸದ ಗಂಟೆ ಕೇಳಿ: ಕೊನೆಯ ಲೋಕಲ್ ರೈಲು ಹಿಡಿದು ಮನೆಗೆ ಬಂದು ಹನ್ನೆರಡಕ್ಕೆ ಉಂಡವರು ಏಳಕ್ಕೆ ರಕ್ತ ಕೊಟ್ಟರೆ ಆದದ್ದು ಏಳೇ ಗಂಟೆ, ಹತ್ತು-ಹನ್ನೆರಡಲ್ಲ.