ಟರ್ಬೊ ಸಿ++ ಟಿಪ್ಪಣಿ: ಯಾವ ಸಿ ಡ್ರೈವ್?

ನಾಳೆ ಲ್ಯಾಬ್ ಇದೆ, ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ಲೂಪ್, ಅರೇ ಇಲ್ಲಿಲ್ಲ, ಅವು ನಿಮಗೂ ಗೊತ್ತು. ನನ್ನ ಎರಡು ಸಂಜೆ ತಿಂದದ್ದು ಪ್ರೋಗ್ರಾಮ್ ಅಲ್ಲ, ಅದನ್ನು ಬರೆಯುವ ಆ ನೀಲಿ ಪರದೆ.

ಆ ಪರದೆಯೇ ಟರ್ಬೊ ಸಿ++ 3.0, ಸಿ++ ಪ್ರೋಗ್ರಾಮ್ ಬರೆದು ಓಡಿಸುವ ತಂತ್ರಾಂಶ. ಬೋರ್ಲೆಂಡ್ ಕಂಪನಿ ಅದನ್ನು 1991ರಲ್ಲಿ ತಂದಿತು. ಹಳೇ ಆಪರೇಟಿಂಗ್ ಸಿಸ್ಟಮ್ ಡಾಸ್‌ಗೆಂದು ಮಾಡಿದ 16 ಬಿಟ್ ಪ್ರೋಗ್ರಾಮ್. 64 ಬಿಟ್ ವಿಂಡೋಸ್‌ನಲ್ಲಿ ಅದು ನೇರವಾಗಿ ಓಡುವುದಿಲ್ಲ. ಹಾಗಾಗಿ ನಡುವೆ ಡಾಸ್‌ಬಾಕ್ಸ್ ಅನ್ನುವ ಪ್ರೋಗ್ರಾಮ್. ಅದು ಹಳೇ ಪಿಸಿಯ ವೇಷ ಹಾಕುತ್ತದೆ, ಟರ್ಬೊ ನಂಬಿಬಿಡುತ್ತದೆ.

ನಾನು ಬಿದ್ದ ಗುಂಡಿ ಮೌಂಟ್, ಅಂದರೆ ವಿಂಡೋಸ್‌ನ ಒಂದು ಫೋಲ್ಡರನ್ನು ಡಾಸ್‌ಬಾಕ್ಸ್‌ಗೆ ಡ್ರೈವ್ ಅಂತ ತೋರಿಸುವುದು. ವಿಂಡೋಸ್‌ನ ಸಿ ಡ್ರೈವ್‌ನಲ್ಲಿ ‘ಡಾಸ್’ ಅಂತ ಒಂದು ಫೋಲ್ಡರ್, ಅದರೊಳಗೆ ‘ಟಿಸಿ’ ಫೋಲ್ಡರ್ ಇಟ್ಟಿದ್ದೆ. ಡಾಸ್‌ಬಾಕ್ಸ್‌ನಲ್ಲಿ ಕೊಟ್ಟ ಆಜ್ಞೆ (ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರದಲ್ಲೇ):

ಮೌಂಟ್ ಸಿ ಸಿ:\ಡಾಸ್

ಟರ್ಬೊ ತೆರೆಯಿತು. ಕಂಪೈಲ್ ಮಾಡಿದರೆ (ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸಿದರೆ) ಐಒಸ್ಟ್ರೀಮ್ ಹೆಡರ್ ಫೈಲ್ (ಪ್ರೋಗ್ರಾಮ್‌ಗೆ ಬೇಕಾದ ಸಿದ್ಧ ಫೈಲ್) ತೆರೆಯಲಾಗಲಿಲ್ಲ ಅನ್ನುವ ಎರರ್. ಫೈಲ್ ಕಣ್ಣ ಮುಂದೆ ಕೂತಿದೆ! ಆಪ್ಷನ್ಸ್ ಮೆನುವಿನ ಡೈರೆಕ್ಟರೀಸ್‌ಗೆ ಹೋಗಿ ‘ಸಿ:\ಡಾಸ್\ಟಿಸಿ\ಇನ್‌ಕ್ಲೂಡ್’ ಅಂತ ಬರೆದೆ. ಮತ್ತೆ ಅದೇ ಎರರ್. ಸ್ಪೆಲಿಂಗ್ ನಾಲ್ಕು ಸಲ ನೋಡಿದೆ.

ವಿಷಯ ಇಷ್ಟೇ. ಆ ಆಜ್ಞೆಯಲ್ಲಿ ಎರಡು ಸಿ ಇವೆ. ಎರಡನೆಯದು ವಿಂಡೋಸ್‌ನದು, ನಿಜವಾದದ್ದು. ಮೊದಲನೆಯದು ಡಾಸ್‌ಬಾಕ್ಸ್ ಒಳಗೆ ಈಗಷ್ಟೇ ಹುಟ್ಟಿದ್ದು. ಟರ್ಬೊ ಬಾವಿ ಕಪ್ಪೆ. ‘ಡಾಸ್’ ಫೋಲ್ಡರೇ ಅದರ ಇಡೀ ಸಿ ಡ್ರೈವ್. ಬಾವಿಯೊಳಗೆ ಕೂತವನಿಗೆ ಬಾವಿಯ ಹೆಸರು ಹೇಳಿದರೆ ಎಲ್ಲಿ ಹುಡುಕುತ್ತಾನೆ? ಆದ್ದರಿಂದ ದಾರಿಯಲ್ಲಿ ‘ಡಾಸ್’ ಬರಲೇಬಾರದು. ಬರೆಯಬೇಕಾದದ್ದು ‘ಸಿ:\ಟಿಸಿ\ಇನ್‌ಕ್ಲೂಡ್’, ಕೆಳಗಿನ ಸಾಲಿನಲ್ಲಿ ‘ಸಿ:\ಟಿಸಿ\ಲಿಬ್’. ಗ್ರಾಫಿಕ್ಸ್ ಪ್ರೋಗ್ರಾಮ್‌ನಲ್ಲಿ ಬಿಜಿಐ (ಟರ್ಬೊದ ಗ್ರಾಫಿಕ್ಸ್ ಫೈಲ್‌ಗಳಿರುವ) ಫೋಲ್ಡರ್‌ನ ದಾರಿಗೂ ಇದೇ ಲೆಕ್ಕ, ಅಲ್ಲಿ ಬ್ಯಾಕ್‌ಸ್ಲ್ಯಾಶ್ ಎರಡೆರಡು ಹಾಕಬೇಕು ಅಷ್ಟೆ. ಮೌಂಟ್ ಸಾಲನ್ನು ದಿನಾ ಟೈಪ್ ಮಾಡುವ ಬದಲು ಡಾಸ್‌ಬಾಕ್ಸ್‌ನ ಕಾನ್ಫಿಗ್ ಫೈಲ್‌ನ ಕೊನೆಯಲ್ಲಿ, ಆಟೋಎಕ್ಸೆಕ್ (ತೆರೆದ ಕೂಡಲೇ ತಾನಾಗಿ ಓಡುವ) ಭಾಗದಲ್ಲಿ ಹಾಕಿಬಿಡಿ.

ಕೀಲಿಗಳದ್ದೂ ಇದೇ ಕಥೆ. ಟರ್ಬೊದಲ್ಲಿ ಕಂಟ್ರೋಲ್ ಎಫ್9 ಅಂದರೆ ರನ್. ಡಾಸ್‌ಬಾಕ್ಸ್‌ನಲ್ಲಿ ಅದೇ ಕಂಟ್ರೋಲ್ ಎಫ್9 ಅಂದರೆ ‘ಅಂಗಡಿ ಮುಚ್ಚು’. ಮೊದಲು ಕೇಳಿಸಿಕೊಳ್ಳುವುದು ಡಾಸ್‌ಬಾಕ್ಸ್. ಸೇವ್ ಮಾಡದೆ ಒತ್ತಿದ್ದು ನನ್ನದೇ ತಪ್ಪು, ಅರವತ್ತು ಸಾಲು ಹೋಯಿತು. ಈಗ ಎಫ್2 (ಸೇವ್) ಒತ್ತದೆ ನನ್ನ ಕೈ ಮುಂದೆ ಹೋಗುವುದಿಲ್ಲ. ರನ್ ಮಾಡಲು ಆಲ್ಟ್ ಆರ್, ಆಮೇಲೆ ಎಂಟರ್. ಉತ್ತರ ಮಿಂಚಿ ಮಾಯವಾದರೆ ಆಲ್ಟ್ ಎಫ್5. ಶಾಶ್ವತ ಪರಿಹಾರ ಬೇಕಾದರೆ ಡಾಸ್‌ಬಾಕ್ಸ್‌ನಲ್ಲಿ ಕಂಟ್ರೋಲ್ ಎಫ್1 ಒತ್ತಿ, ಯಾವ ಕೀಲಿಗೆ ಯಾವ ಕೆಲಸ ಅಂತ ತೋರಿಸುವ ಕೀಮ್ಯಾಪರ್‌ನಲ್ಲಿ ಶಟ್‌ಡೌನ್ ಆರಿಸಿ, ಡೆಲ್, ಸೇವ್. ಕೆಲವು ರೆಡಿಮೇಡ್ ಪ್ಯಾಕೇಜ್‌ಗಳಲ್ಲಿ ಇದನ್ನು ಮೊದಲೇ ಸರಿ ಮಾಡಿರುತ್ತಾರೆ. ಸುಮ್ನೆ ನಂಬಬೇಡಿ, ಖಾಲಿ ಫೈಲ್‌ನಲ್ಲಿ ಒತ್ತಿ ನೋಡಿ.

ಮೌಸ್ ಸಿಕ್ಕಿಹಾಕಿಕೊಂಡರೆ ಕಂಟ್ರೋಲ್ ಎಫ್10. ಹೊರಗೆ ನೋಟ್‌ಪ್ಯಾಡ್‌ನಲ್ಲಿ ಉಳಿಸಿದ ಹೊಸ ಫೈಲ್ ಒಳಗೆ ಕಾಣದಿದ್ದರೆ ಕಂಟ್ರೋಲ್ ಎಫ್4. ಫೈಲ್ ಹೆಸರು ಎಂಟು ಅಕ್ಷರಕ್ಕಿಂತ ಜಾಸ್ತಿ ಬೇಡ. ಕನ್ನಡದಲ್ಲಿ ಕಾಮೆಂಟ್ ಬರೆಯುವ ಆಸೆ ನನಗಿತ್ತು. ಹೊರಗೆ ಬರೆದು ತಂದೆ. ಯುಟಿಎಫ್-8ರಲ್ಲಿ (ಈಗಿನ ಫೈಲ್‌ಗಳು ಅಕ್ಷರ ಉಳಿಸುವ ಕ್ರಮ) ಕನ್ನಡದ ಒಂದೊಂದು ಅಕ್ಷರ ಸಂಕೇತಕ್ಕೂ ಮೂರು ಬೈಟ್, ಡಾಸ್‌ಗೆ ಒಂದು ಬೈಟ್ ಅಂದರೆ ಒಂದು ಅಕ್ಷರ. ಪರದೆ ತುಂಬಾ ಗ್ರೀಕ್ ಅಕ್ಷರ, ಗೆರೆ, ಚೌಕ!

ಕೊನೆಯದಾಗಿ ಫ್ಯಾಕ್ಟೋರಿಯಲ್, ಅಂದರೆ 1ರಿಂದ ಆ ಸಂಖ್ಯೆವರೆಗಿನ ಎಲ್ಲದರ ಗುಣಲಬ್ಧ. 7ಕ್ಕೆ 5040, ಸರಿ. 8ಕ್ಕೆ 40320 ಬರಬೇಕು, ಬಂದದ್ದು -25216. ಅರ್ಧ ಗಂಟೆ ಲೂಪ್ ಮೇಲೇ ಅನುಮಾನ. ಇಲ್ಲಿ ಇಂಟ್ (ಪೂರ್ಣಾಂಕ ಇಡುವ ಜಾಗ) 16 ಬಿಟ್, 32767 ದಾಟಿದರೆ ಆಚೆ ಬದಿಯ -32768ಕ್ಕೆ ಬೀಳುತ್ತದೆ. 40320ರಿಂದ 65536 ಕಳೆದು ನೋಡಿ, ಅದೇ ಸಂಖ್ಯೆ ಅಲ್ವಾ? ಫೋನ್‌ನ ಕಂಪೈಲರ್‌ನಲ್ಲಿ ಇಂಟ್ 32 ಬಿಟ್, ಅಲ್ಲಿ ಇದೇ ಪ್ರೋಗ್ರಾಮ್ ಸರಿಯಾದ ಉತ್ತರ ಕೊಟ್ಟಿತ್ತು. ಇಂಟ್ ಬದಲು ಲಾಂಗ್ (ಇಲ್ಲಿ 32 ಬಿಟ್) ಹಾಕಿದೆ, ಈಗ 12ರವರೆಗೆ ಚಿಂತೆಯಿಲ್ಲ.