ಕುರಿಂಜಿ ಮತ್ತೆ ಅರಳುತ್ತದೆ, ಅದೇ ಗಿಡ ಅಲ್ಲ

ನೀಲಕುರಿಂಜಿ 12 ವರ್ಷಕ್ಕೊಮ್ಮೆ ಅರಳುತ್ತದೆ ಅಂತ ಎಲ್ಲರಿಗೂ ಗೊತ್ತು. ಆದರೆ 2006ರಲ್ಲಿ ಮುನ್ನಾರಿನ ಹುಲ್ಲುಗುಡ್ಡಗಳಲ್ಲಿ ಅರಳಿದ ಗಿಡಗಳು 2018ರಲ್ಲಿ ಇರಲೇ ಇಲ್ಲ. ಅಷ್ಟೊತ್ತಿಗೆ ಅವು ಸತ್ತು ಮಣ್ಣಾಗಿದ್ದವು. ಜನ ಮುಗಿಬಿದ್ದು ನೋಡಿದ್ದು ಅವುಗಳ ಮಕ್ಕಳನ್ನು. ಈ ಗಿಡ ಬಾಳಿನಲ್ಲಿ ಒಂದೇ ಸಲ ಹೂ ಬಿಡುತ್ತದೆ, ಬೀಜ ಕಟ್ಟುತ್ತದೆ, ಒಣಗಿ ಹೋಗುತ್ತದೆ.

ಎಲ್ಲವೂ ಒಟ್ಟಿಗೇ ಯಾಕೆ? ಒಂಟಿಯಾಗಿ ಅರಳಿದ ಗಿಡದ ಬೀಜವನ್ನು ಹುಳ, ಹಕ್ಕಿ, ಇಲಿ ಸೇರಿ ಪೂರ್ತಿ ಮುಗಿಸಿಬಿಡಬಹುದು. ಗುಡ್ಡಕ್ಕೆ ಗುಡ್ಡವೇ ಬೀಜ ಉದುರಿಸಿದರೆ ಜಾತ್ರೆಯ ಅನ್ನಸಂತರ್ಪಣೆ ನಡೆದ ಹಾಗೆ. ಎಷ್ಟೇ ಹಸಿದವರು ಬರಲಿ, ಕೊಪ್ಪರಿಗೆಯ ತಳ ಕಾಣೋದಿಲ್ಲ. ಮಿಕ್ಕ ಬೀಜ ಮೊಳೆಯುತ್ತದೆ. ಇದಕ್ಕಿಂತ ಚೆಂದ ಅಂದರೆ ನಡುವಿನ ಉಪವಾಸ. ಈ ಬೀಜವನ್ನೇ ನಂಬಿಕೊಂಡ ಹುಳ ಅಷ್ಟು ವರ್ಷ ಏನು ತಿಂದು ಬದುಕಬೇಕು? ಹೀಗೇ ವರ್ಷಗಟ್ಟಲೆ ಕಾದು ಒಟ್ಟಿಗೇ ಹೂ ಬಿಡುವ ಬಿದಿರಿನ ವಿಷಯದಲ್ಲಿ ಡೇನಿಯಲ್ ಜಾನ್ಜೆನ್ ಎಂಬ ಅಮೆರಿಕದ ಜೀವವಿಜ್ಞಾನಿ 1976ರಲ್ಲಿ ಇದೇ ವಾದ ಮಂಡಿಸಿದರು.

ಬಿದಿರು ಹೂ ಬಿಟ್ಟರೆ ಬರಗಾಲ ಅನ್ನೋ ಭಯ ನಮ್ಮಲ್ಲೂ ಇದೆ ಅಲ್ವಾ? ಮಿಜೋರಾಮಿನಲ್ಲಿ 1959ರಲ್ಲಿ ನಿಜಕ್ಕೂ ಕ್ಷಾಮ ಬಂತು. ಅದು ಯಾವ ಶಾಪವೂ ಅಲ್ಲ. ಬಿದಿರಕ್ಕಿ ತಿಂದು ಇಲಿಗಳು ಜಾಸ್ತಿಯಾದವು, ಅದು ಮುಗಿದ ಮೇಲೆ ಜನರ ಬೆಳೆಗೆ ನುಗ್ಗಿದವು. ಹೂವನ್ನು ಸುಮ್ನೆ ಅಪಶಕುನ ಅಂದುಬಿಟ್ಟರೆ ಇಲಿಯ ಕಡೆ ನೋಡೋರು ಯಾರು?

ಇನ್ನೊಂದು ತಪ್ಪು ತಿಳಿವಳಿಕೆ: ಕುರಿಂಜಿ ಎಲ್ಲ ಕಡೆ ಒಂದೇ ವರ್ಷ ಅರಳುತ್ತದೆ ಅನ್ನೋದು. ಹಾಗೇನಿಲ್ಲ. ಚಿಕ್ಕಮಗಳೂರಿನ ಚಂದ್ರದ್ರೋಣ ಬೆಟ್ಟಗಳು ನೀಲಿಯಾಗಿದ್ದು 2022ರಲ್ಲಿ. ಇದರ ನೆಂಟ ಕಾರ್ವಿಯ ಲೆಕ್ಕವೇ ಬೇರೆ, ಅದು ಸುಮಾರು 8 ವರ್ಷಕ್ಕೆ ಹೂ ಬಿಡುತ್ತದೆ.

ಕುರಿಂಜಿಯ ಬಳಗದ ಒಂದು ಗಿಡ ನಮ್ಮ ಹಿತ್ತಲಲ್ಲೇ ಇದೆ, ಕನಕಾಂಬರ. ಅದರ ಒಣಗಿದ ಕಾಯಿಯ ಮೇಲೆ ನಾಲ್ಕು ಹನಿ ನೀರು ಹಾಕಿ ನೋಡಿ. ಚಟ್ ಅಂತ ಎರಡು ಹೋಳಾಗುತ್ತದೆ, ಬೀಜ ದೂರಕ್ಕೆ ಹಾರುತ್ತದೆ. ಹೋಳಿನ ಒಳಗೆ ಪುಟ್ಟ ಕೊಕ್ಕೆಗಳು ಕಾಣುತ್ತವೆ. ಬೀಜವನ್ನು ಚಿಮ್ಮುವುದು ಅವೇ. ಕುರಿಂಜಿಯ ಕಾಯಿಯಲ್ಲೂ ಈ ಕೊಕ್ಕೆಗಳಿವೆ. ಕಾಯಿಗೆ ಹೆಚ್ಚೆಂದರೆ ನಾಲ್ಕೇ ಬೀಜ.

ಅದಕ್ಕೇ ಫೋಟೊಗೆ ಅಂತ ಗೊಂಚಲು ಕೀಳೋರನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಮುಂದಿನ ವರ್ಷ ಮತ್ತೆ ಬಿಡುತ್ತದೆ ಅನ್ನೋಕೆ ಅದು ದಾಸವಾಳ ಅಲ್ಲ. ನೀಲಕುರಿಂಜಿ ಈಗ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೂರನೇ ಅನುಸೂಚಿಯಲ್ಲಿದೆ. ಕಾಡಿನಲ್ಲಿ ಅದನ್ನು ಕಿತ್ತರೆ ಅಪರಾಧ.