ಮೊಜಾಂಬಿಕ್‌ನ ತೊಗರಿ, ಕಲಬುರಗಿಯ ಬ್ಯಾಂಕ್ ಸಾಲ

ಕಲಬುರಗಿ ಗಂಜ್‌ನಲ್ಲಿ ತೊಗರಿ ದರ ಬಿದ್ದರೆ ಎಲ್ಲರೂ ರೈತರ ಮಾತಾಡುತ್ತಾರೆ. ಅದು ಸರಿಯೇ. ಆದರೆ ಅದೇ ವಾರ ಊರಿನ ಬ್ಯಾಂಕುಗಳ ಸಾಲವೂ ಅಲುಗಾಡುತ್ತದೆ. ಅದು ಸುದ್ದಿಯಾಗುವುದು ಕಡಿಮೆ.

1941ರಲ್ಲಿ ನಿಜಾಮರ ಕಾಲದಲ್ಲಿ ಶುರುವಾದ ಹೈದರಾಬಾದ್ ಸ್ಟೇಟ್ ಬ್ಯಾಂಕ್, 1969ರ ರಾಷ್ಟ್ರೀಕರಣ, ಆಮೇಲೆ ಬಂದ ಗ್ರಾಮೀಣ ಬ್ಯಾಂಕುಗಳು. ಅಷ್ಟು ವರ್ಷವೂ ಇಲ್ಲಿ ಸಾಲ ಕೊಟ್ಟವರಿಗೆ ಇದ್ದ ದೊಡ್ಡ ಭಯ ಮಳೆಯದ್ದು. 1991ರ ನಂತರ ಜಗತ್ತಿನ ಜೊತೆ ವ್ಯವಹಾರ ಹೆಚ್ಚಿತು. ಸಾಲ ನಾಲ್ಕು ಕಡೆ ಹಂಚಿಹೋದರೆ ಅಪಾಯ ಕಡಿಮೆ ಎಂಬುದು ಆಗಿನ ಲೆಕ್ಕ. 2008ರಲ್ಲಿ ಅಮೆರಿಕದ ಲೆಹ್ಮನ್ ಬ್ರದರ್ಸ್ ಮುಳುಗಿದಾಗ ನಮ್ಮ ಬ್ಯಾಂಕುಗಳಿಗೆ ನೇರ ಪೆಟ್ಟು ಬೀಳಲಿಲ್ಲ. ಪೆಟ್ಟು ತಡವಾಗಿ, ಬೇರೆ ದಾರಿಯಲ್ಲಿ ಬಂತು. ಜಗತ್ತಿನ ಉಕ್ಕಿನ ದರ ಕುಸಿದು, ಭರಾಟೆಯ ಕಾಲದಲ್ಲಿ ಕೊಟ್ಟ ದೊಡ್ಡ ಸಾಲಗಳು ಕೈಕೊಟ್ಟವು. 2018ರ ಮಾರ್ಚ್‌ಗೆ ದೇಶದ ಬ್ಯಾಂಕುಗಳ ಒಟ್ಟು ವಸೂಲಾಗದ ಸಾಲ ಶೇ 11.2 ಮುಟ್ಟಿತು. ಅದರಲ್ಲಿ ಸಿಂಹಪಾಲು ದೊಡ್ಡ ಉದ್ಯಮಗಳದ್ದು, ನಾಲ್ಕು ಎಕರೆಯವರದ್ದಲ್ಲ.

ಅದೇ ಹೊತ್ತಿಗೆ ನಮ್ಮ ಕಡೆ ತೊಗರಿಯ ಆಟ ನಡೆದಿತ್ತು. 2015ರಲ್ಲಿ ಕ್ವಿಂಟಲ್‌ಗೆ 10,000 ರೂಪಾಯಿ ದಾಟಿತು. ಪೇಟೆಯವರು ಗೊಣಗಿದರು, ರೈತರು ಮುಂದಿನ ಮುಂಗಾರಿಗೆ ಜಾಸ್ತಿ ಬಿತ್ತಿದರು. 2016ರ ಜುಲೈನಲ್ಲಿ ಮೊಜಾಂಬಿಕ್ ಜೊತೆ ಬೇಳೆಕಾಳು ಖರೀದಿಯ ಒಪ್ಪಂದವೂ ಆಯಿತು. ರಾಶಿ ಮುಗಿಯುವ ಹೊತ್ತಿಗೆ ಮನೆಯ ಬೆಳೆಯೂ ಬಂತು, ಹಡಗಿನ ಬೆಳೆಯೂ ಬಂತು. ದರ 5,050 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗಿಳಿಯಿತು. ಆಮದಿಗೆ 2 ಲಕ್ಷ ಟನ್ ಮಿತಿ ಹಾಕಿದ್ದು 2017ರ ಆಗಸ್ಟ್‌ನಲ್ಲಿ. ಅಷ್ಟೊತ್ತಿಗೆ ಬಹಳ ರೈತರ ತೊಗರಿ ಮಾರಿ ಹೋಗಿತ್ತು.

ಬ್ಯಾಂಕಿನೊಳಗೆ ಇದು ಹೇಗೆ ಕಾಣುತ್ತದೆ ನೋಡಿ. ಒಬ್ಬ ದಾಲ್ ಮಿಲ್ ಮಾಲೀಕರ ಗೋದಾಮಿನಲ್ಲಿ 1,000 ಕ್ವಿಂಟಲ್ ತೊಗರಿ ಇದೆ ಎನ್ನೋಣ. ದರ 10,000 ಇದ್ದರೆ ದಾಸ್ತಾನು ಒಂದು ಕೋಟಿ. ಮಾಲೀಕರೇ ಹಾಕಬೇಕಾದ ಕಾಲು ಭಾಗ, ಅಂದರೆ ಮಾರ್ಜಿನ್, ಕಳೆದು 75 ಲಕ್ಷದವರೆಗೆ ಸಿಸಿ ಖಾತೆಯಿಂದ (ದಾಸ್ತಾನಿನ ಮೇಲೆ ಬ್ಯಾಂಕ್ ಸಾಲ ಕೊಡುವ ಕ್ಯಾಶ್ ಕ್ರೆಡಿಟ್ ಖಾತೆ) ಎತ್ತಬಹುದು. ದರ 5,000ಕ್ಕೆ ಬಂದರೆ ಅದೇ ಚೀಲಗಳಿಗೆ 37.5 ಲಕ್ಷ. ಉಳಿದದ್ದನ್ನು ಕಟ್ಟಿ ಎಂದು ಮ್ಯಾನೇಜರ್ ಫೋನ್ ಮಾಡುತ್ತಾರೆ. ಮಿಲ್‌ನವರು ಅಡತಿಗೆ (ರೈತರ ಮಾಲು ಮಾರಿಸಿಕೊಡುವ ದಲ್ಲಾಳಿ ಅಂಗಡಿ) ಹಣ ತಡಮಾಡುತ್ತಾರೆ, ಅಡತಿಯವರು ರೈತರಿಗೆ. ರೈತರ ಬೆಳೆಸಾಲ, ಟ್ರ್ಯಾಕ್ಟರ್ ಕಂತು ಅಲ್ಲೇ ನಿಲ್ಲುತ್ತವೆ. ಕಾಗದದಲ್ಲಿ ಇವು ನಾಲ್ಕು ಬಗೆಯ ಸಾಲ. ಆದರೆ ಎಲ್ಲವೂ ನಿಂತಿರುವುದು ಒಂದೇ ದರದ ಮೇಲೆ, ಅಲ್ವಾ? ದೇಶವಿಡೀ ಶಾಖೆಗಳಿರುವ ಬ್ಯಾಂಕು ಇದನ್ನು ತಡೆದುಕೊಳ್ಳುತ್ತದೆ. ಒಂದೆರಡು ಜಿಲ್ಲೆಯಲ್ಲೇ ಇರುವ ಸಹಕಾರಿ ಬ್ಯಾಂಕಿಗೆ ಅದು ಕಷ್ಟ.

2018ರಲ್ಲಿ ರಾಜ್ಯ ಸರ್ಕಾರ ಬೆಳೆಸಾಲ ಮನ್ನಾ ಮಾಡಿತು. ಹಳೆ ಬಾಕಿ ಇಳಿಯಿತು, ದರದ ಏರಿಳಿತ ಹಾಗೇ ಉಳಿಯಿತು. 2021ರ ಮೇನಲ್ಲಿ ಆಮದು ಮತ್ತೆ ಮುಕ್ತವಾಯಿತು. ದೇಶದ ಬ್ಯಾಂಕುಗಳ ವಸೂಲಾಗದ ಸಾಲವೂ 2024ರ ಮಾರ್ಚ್‌ಗೆ ಶೇ 2.8ಕ್ಕೆ ಇಳಿಯಿತು. ಆ ಸರಾಸರಿಯಲ್ಲಿ ನಮ್ಮ ಜಿಲ್ಲೆಯ ಆಳಂದ, ಸೇಡಂ ಕಾಣುವುದಿಲ್ಲ ಬಿಡಿ. 2025ರ ಆರಂಭದಲ್ಲಿ ದರ ಮತ್ತೆ ಬಿದ್ದಾಗ 7,550ರ ಬೆಂಬಲ ಬೆಲೆಯ ಮೇಲೆ ರಾಜ್ಯ 450 ರೂಪಾಯಿ ಸೇರಿಸಬೇಕಾಯಿತು. ಸುಂಕವಿಲ್ಲದ ಆಮದಿನ ಗಡುವನ್ನು ಕೇಂದ್ರ 2026ರ ಮಾರ್ಚ್‌ವರೆಗೆ ವಿಸ್ತರಿಸಿತು. ಎಕರೆಗೆ ಎಷ್ಟು ಬೆಳೆಸಾಲ ಎಂಬುದನ್ನು ಮಾತ್ರ ಈಗಲೂ ಬೆಳೆಯುವ ಖರ್ಚು ನೋಡಿಯೇ ಗೊತ್ತುಮಾಡುತ್ತಾರೆ. ಬಂದರಿಗೆ ಬರುವ ಹಡಗು ಆ ಲೆಕ್ಕದಲ್ಲಿಲ್ಲ.